ಡ್ರೈವರ್ ಮಾವ ಕೊಟ್ಟ ಕಾರು

ಡ್ರೈವರ್ ಮಾವನ ಬಲಗಾಲಿನ ಹೆಬ್ಬೆರಳು ಎಡಗಾಲಿನದಕ್ಕಿಂತ ಅಗಲವಾಗಿ, ಚಪ್ಪಟೆಯಾಗಿತ್ತು. ಬಸ್ಸಿನ ಆಕ್ಸಿಲರೇಟರ್ ಒತ್ತಿ ಒತ್ತಿ ಹಾಗಾಗಿದೆ ಎಂದು ಹೆಮ್ಮೆಯಿಂದ ಕಾಲು ಚಾಚಿ ತೋರಿಸುತ್ತಿದ್ದರು. ನಿವೃತ್ತರಾದ ಮೇಲೂ ಚಪ್ಪಲಿ ಕಳಚಿಟ್ಟೇ ಸ್ಟಿಯರಿಂಗ್ ಮುಂದೆ ಕೂರುತ್ತಿದ್ದರು, ಪೂಜೆಗೆ ಕೂತವರ ಹಾಗೆ. ತೂಬಗೆರೆಯಲ್ಲಿ ನಮ್ಮ ಪಕ್ಕದ ಮನೆಯವರು. ನೆಂಟಸ್ತಿಕೆಯೇನೂ ಇಲ್ಲ. ಮದುವೆಯಾಗಿ ಆ ಬೀದಿಗೆ ಬಂದ ದಿನದಿಂದ ಅವರನ್ನು ಮಾವ, ಅವರ ಹೆಂಡತಿಯನ್ನು ಅತ್ತೆ ಎಂದೇ ಕರೆದೆ.

ನನಗೆ ಕಾರು ಕಲಿಸಿದವರು ಅವರೇ, ಅವರದೇ ಕಾರಿನಲ್ಲಿ. ಗಂಡ ಪಕ್ಕದಲ್ಲಿ ಕೂತರೆ ಬರೀ ಬೈಗುಳ. ಮಾವ ಒಂದು ದಿನವೂ ರೇಗಲಿಲ್ಲ. ಒಮ್ಮೆ ಕೆರೆ ಪಕ್ಕದ ಮಣ್ಣುದಾರಿಯಲ್ಲಿ ಯಾರದೋ ಹೊಲದ ಬೇಲಿಗೆ ನುಗ್ಗಿಸಿದೆ. ಅಳುವುದೊಂದು ಬಾಕಿ. "ಬೇಲಿದೇ ತಪ್ಪು ಬಿಡಮ್ಮ, ಹಾರ್ನ್ ಹೊಡೆದ್ರೂ ಸರೀಲಿಲ್ಲ" ಎಂದು ನಗಿಸಿದರು. ಆದರೆ ಒಂದು ಮಾತನ್ನು ಮಾತ್ರ ನಗದೆ ಹೇಳುತ್ತಿದ್ದರು: "ಹಿಂದೆ ಕೂತಿರೋರ ಜೀವ ನಿನ್ನ ಕಾಲ್ಬೆರಳಲ್ಲಿದೆ ಕಣಮ್ಮ."

ಕಣ್ಣಿಗೆ ಪೊರೆ ಬಂದು ಅವರು ಓಡಿಸುವುದನ್ನು ಬಿಟ್ಟಾಗ ಆ ಕಾರನ್ನು ನಾನೇ ಕೊಂಡೆ. ಮಗಳನ್ನು ದೊಡ್ಡಬಳ್ಳಾಪುರದ ಸ್ಕೂಲಿಗೆ ಬಿಟ್ಟು ನಾನು ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಗೆ ಹೋಗಬೇಕಿತ್ತು. ಲಾರಿಗಳ ನಡುವೆ ಅವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗುವಾಗ ಜೀವ ಬಾಯಿಗೆ ಬರುತ್ತಿತ್ತು. ಮಗು ಕ್ಷೇಮವಾಗಿ ಹೋಗಿಬರಲಿ, ಅಷ್ಟೇ ಆಸೆ. "ಈ ಗಾಡಿ ಒಂದಿನಾನೂ ಮೆಕ್ಯಾನಿಕ್ ಮುಖ ನೋಡಿಲ್ಲ" ಎಂದರು ಮಾವ. ಬೇರೆಯವರು ಹೇಳಿದ್ದರೆ ಕೊಳ್ಳುವ ಮುಂಚೆ ಒಬ್ಬ ಮೆಕ್ಯಾನಿಕ್‌ಗೆ ತೋರಿಸುತ್ತಿದ್ದೆ. ಹೇಳಿದವರು ಮಾವ, ತೋರಿಸಲಿಲ್ಲ.

ಕೆಲವೇ ದಿನಕ್ಕೆ ಸದ್ದು ಶುರುವಾಯಿತು. ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಬಾನೆಟ್ ಒಳಗಿಂದ ಕುಯ್ಯ್ ಎಂದು ಕಿವಿ ಕೊರೆಯುವ ಕೀರಲು. ಕಾಲು ತೆಗೆದರೆ ನಿಲ್ಲುವುದು. ಏರಿನಲ್ಲಂತೂ ಬಸ್ ಸ್ಟಾಪಿನವರೆಲ್ಲ ತಿರುಗಿ ನೋಡುತ್ತಿದ್ದರು. ಮಾವನಿಗೆ ಹೇಳಿದೆ. "ಚಳಿಗೆ ಬೆಲ್ಟ್ ಹಂಗೇ ಕೂಗುತ್ತೆ. ಇಷ್ಟಕ್ಕೆಲ್ಲಾ ಗ್ಯಾರೇಜಿಗೆ ಹೋಗ್ಬೇಡ, ನಾನ್ ನೋಡ್ತೀನಿ" ಎಂದರು. ಭಾನುವಾರ ಬಕೆಟ್ಟು, ಬಟ್ಟೆ ಹಿಡಿದು ಬಂದು ಕಾರು ತೊಳೆದು, ಬಾನೆಟ್ ಎತ್ತಿ ಏನೋ ಮಾಡಿದರು. ಸದ್ದು ಮಾಯ. ಕೆಲವು ದಿನಕ್ಕೆ ಮತ್ತೆ ಬಂತು. ಮತ್ತೆ ಭಾನುವಾರ ಬಕೆಟ್ಟು ಹಿಡಿದು ಬಂದರು. ಚಳಿಗಾಲವೆಲ್ಲ ಹೀಗೇ ಕಳೆಯಿತು. ಹೆತ್ತ ಅಪ್ಪನೂ ಇಷ್ಟು ಮಾಡುತ್ತಿರಲಿಲ್ಲ ಎಂದು ಫ್ಯಾಕ್ಟರಿಯಲ್ಲೆಲ್ಲ ಹೊಗಳಿಕೊಂಡು ತಿರುಗಿದೆ, ಪೆದ್ದಿ.

ಅವರ ಮೊಮ್ಮಗಳೂ ನನ್ನ ಮಗಳ ಸ್ಕೂಲೇ. ನಮ್ಮ ಜೊತೆಗೇ ಬರಲಿ ಎಂದು ಎಷ್ಟೋ ಸಲ ಕರೆದೆ. "ಬೇಡ ಕಣಮ್ಮ, ಬಸ್ಸಲ್ಲೇ ಓಡಾಡಿ ಧೈರ್ಯ ಬರ್ಲಿ" ಎನ್ನುತ್ತಿದ್ದರು. ಪಾಪ, ಸಂಕೋಚದ ಮನುಷ್ಯ ಎಂದುಕೊಂಡೆ.

ಒಂದು ವಾರ ಮಾವ, ಅತ್ತೆ ಹೊಸಕೋಟೆ ಕಡೆ ಮದುವೆಗೆ ಹೋಗಿದ್ದರು. ಸದ್ದು ಹೆಚ್ಚಾಗಿ ನಾನು ದೊಡ್ಡಬಳ್ಳಾಪುರದ ಗ್ಯಾರೇಜಿಗೆ ನುಗ್ಗಿದೆ. ಮೆಕ್ಯಾನಿಕ್ ಬೆಲ್ಟ್ ಬಿಚ್ಚಿ ಎಂಜಿನ್ ಒಂದು ಗಳಿಗೆ ಚಾಲೂ ಮಾಡಿದ, ಸದ್ದಿಲ್ಲ. ಆಮೇಲೆ ಬೆಲ್ಟ್ ಸುತ್ತುವ ಗಾಲಿಗಳನ್ನು ಒಂದೊಂದಾಗಿ ಕೈಯಲ್ಲಿ ತಿರುಗಿಸಿದ. ಒಂದು ಮಾತ್ರ ಮರಳು ತುಂಬಿದಂತೆ ಗರಗರ ಎಂದಿತು. ಬಿಚ್ಚಿದ ಬೆಲ್ಟನ್ನು ನನ್ನ ಮುಂದೆ ಹಿಡಿದ. ಅದರ ಗೀರುಗಳ ತುಂಬ ಬಿಳಿ ಮೆತ್ತಿತ್ತು.

"ಯಾರ್ ಮೇಡಂ ಇದಕ್ಕೆ ಸೋಪ್ ತಿಕ್ಕಿರೋದು? ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರ್‌ದು ಬೇರಿಂಗ್ ಹೋಗಿ ಯಾವ್ ಕಾಲ ಆಯ್ತೋ! ಸೋಪ್ ಸದ್ದು ಮುಚ್ಚುತ್ತೆ ಅಷ್ಟೆ. ಬೇರಿಂಗ್ ಪೂರ್ತಿ ಹಿಡ್ಕೊಂಡು ರೋಡಲ್ಲಿ ಬೆಲ್ಟ್ ಕಿತ್ತೋಗಿದ್ರೆ, ಅದೇ ಬೆಲ್ಟಲ್ಲಿ ಓಡೋ ಪವರ್ ಸ್ಟಿಯರಿಂಗ್ ಕಲ್ಲಾಗ್ಬಿಡೋದು."

ಮಗಳು ಹಿಂದಿನ ಸೀಟಿನಲ್ಲಿ ಮಗ್ಗಿ ಹೇಳುತ್ತಿದ್ದುದು ನೆನಪಾಯಿತು. ಬೇರಿಂಗ್, ಬೆಲ್ಟ್ ಎರಡನ್ನೂ ಹೊಸದು ಹಾಕಿಸಿಯೇ ಊರಿಗೆ ಬಂದೆ.

ಮದುವೆಯಿಂದ ಬಂದ ಮಾವ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ನೇರವಾಗಿ ಕೇಳಿದೆ. "ಮಾವ, ಬೇರಿಂಗ್ ಹೋಗಿರೋದು ಗೊತ್ತಿದ್ದೂ ಸೋಪ್ ಹಚ್ತಿದ್ರಾ?"

ತಲೆ ಎತ್ತಲಿಲ್ಲ. "ನನ್ ಗಾಡಿ ಕೆಟ್ಟಿಲ್ಲ ಅಂತ ಊರೆಲ್ಲಾ ಹೇಳ್ಕೊಂಡ್ ಬಂದಿದೀನಿ. ನಿನ್ ಕೈಗೆ ಬಂದ ತಕ್ಷಣ ಗ್ಯಾರೇಜ್ ಸೇರ್ತು ಅಂದ್ರೆ ನನ್ ಮಾನ ಏನಾಗ್ಬೇಕು?"

"ಅದಕ್ಕೇನಾ ಮೊಮ್ಮಗಳನ್ನ ನಮ್ ಜೊತೆ ಕಳಿಸ್ದೆ ಇದ್ದಿದ್ದು?"

ಮಾವ ಸುಲಿದ ಕಾಳು, ಸಿಪ್ಪೆ ಎರಡನ್ನೂ ಒಂದೇ ಮೊರಕ್ಕೆ ಹಾಕುತ್ತಾ ಕೂತರು. ಅವತ್ತಿಗೆ ನಮ್ಮ ಮಾತು ನಿಂತಿತು.

ಬೇಸಿಗೆಯ ಒಂದು ಬೆಳಿಗ್ಗೆ ಅತ್ತೆ ಅಳುತ್ತಾ ಓಡಿಬಂದರು. ಮಾವನಿಗೆ ಎದೆನೋವು. ಸಿಟ್ಟು ಅಲ್ಲೇ ಬಿಟ್ಟು ಕಾರನ್ನು ಅವರ ಬಾಗಿಲಿಗೆ ತಂದೆ. ಗೋಡೆ ಹಿಡಿದುಕೊಂಡು ಬಂದರು, ಮುಖವೆಲ್ಲ ಬೆವರು. ಹಿಂದಿನ ಬಾಗಿಲು ತೆರೆದು ಹಿಡಿದೆ. ಅವರು ಹತ್ತಲಿಲ್ಲ. ಬಾಗಿಲ ಮೇಲೆ ಕೈಯಿಟ್ಟು ನನ್ನ ಮುಖ ನೋಡಿದರು.

"ಅದನ್ನ ಸರಿ ಮಾಡಿಸ್ದೇನಮ್ಮಾ?"

"ಮಾಡ್ಸಿದೀನಿ. ಹತ್ತಿ ಮಾವ."

ಆಮೇಲೆ ಹತ್ತಿದರು. ಆಸ್ಪತ್ರೆಯಿಂದ ಮನೆಗೆ ವಾಪಸು ಬರಲಿಲ್ಲ. ಸ್ಟಿಯರಿಂಗ್ ಹಿಡಿಯಲು ಕಲಿಸಿದ ಋಣ ಇದೆ, ಇಲ್ಲ ಎನ್ನಲಾರೆ. ಆದರೆ ಕ್ಷಮಿಸಲು ನನ್ನಿಂದ ಇವತ್ತಿಗೂ ಆಗಿಲ್ಲ. ಆ ಚಳಿಗಾಲವೆಲ್ಲ ನನ್ನ ಮಗಳು ಅದೇ ಬಾಗಿಲಿನಿಂದ ಹತ್ತುವಾಗ ಅವರು ಗೇಟಿನ ಹತ್ತಿರ ನಿಂತು ನಗುತ್ತಾ ಟಾಟಾ ಮಾಡುತ್ತಿದ್ದರು.