ಕೈಯ ಬಿಸಿ ಆರುವ ತನಕ

ಬೆಳಗಿನ ಜಾವ ಏಳುವುದೆಂದರೆ ನನಗೆ ಜೀವ ಹೋದಷ್ಟು ಕಷ್ಟ. ಅಂಥ ನನ್ನನ್ನು, ಆಕೆಯ ಕೆಲಸದ ಬಗ್ಗೆ ಬರೆಯಬೇಕೆಂದಿದ್ದಕ್ಕೆ, ಕಸ್ತೂರಿ ಕೋಳಿ ಕೂಗುವ ಮೊದಲೇ ಶಹಾಪುರಕ್ಕೆ ಬರಹೇಳಿದ್ದಾಳೆ. ಕಣ್ಣುಜ್ಜಿಕೊಳ್ಳುತ್ತ ಗಲ್ಲಿಯೊಳಗೆ ಹೋದರೆ, ಆಕೆ ಆಗಲೇ ಅಂಗಳದಲ್ಲಿ ಒಂದು ಎಣ್ಣೆ ಡ್ರಮ್ಮಿನ ಸುತ್ತ ತಿರುಗುತ್ತಿದ್ದಾಳೆ. ಡ್ರಮ್ಮಿನ ಮೇಲೆ ಊಟದ ತಟ್ಟೆಯಷ್ಟಗಲದ ದಪ್ಪ ಗಾಜು. ಎರಡೂ ಅಂಗೈ ಊರಿ ತಿಕ್ಕುತ್ತಾಳೆ, ಒಂದು ಹೆಜ್ಜೆ ಸರಿಯುತ್ತಾಳೆ, ಮತ್ತೆ ತಿಕ್ಕುತ್ತಾಳೆ. ಗಾಜಿಗೆ ಹೊಳಪು ಕೊಡುವ ಕೆಂಪು ಪುಡಿಯ ನೀರು ಇಳಿದು ಮೊಣಕೈವರೆಗೆ ಮದರಂಗಿ ಹಚ್ಚಿದಂತಾಗಿದೆ.

“ಬಂದ್ರೇನ್ರಿ ಸರ್ರ? ಬರ್ರಿ, ಕುಂದರ್ರಿ. ಮಾತಾಡಸಬ್ಯಾಡ್ರಿ ಮತ್ತ, ಇವು ತಿಕ್ಕೂದರ ಕಡೀ ಕೈ ಅದಾವ,” ಎನ್ನುತ್ತಾಳೆ. ಬಾಯಿ ಮುಚ್ಚಿಕೊಂಡು ಕೂರುತ್ತೇನೆ. ಈ ಗಾಜು ದೂರದರ್ಶಕದ ಕನ್ನಡಿಯಾಗಬೇಕು. ಇದನ್ನು ತಿಕ್ಕಲು ಶುರುಮಾಡಿದವಳು ಕಸ್ತೂರಿಯಲ್ಲ, ಆಕೆಯ ಗುರು ಸರದಾರಸಾಬ. ಅವರು ತೀರಿಕೊಂಡು ಎರಡು ಮಳೆಗಾಲ ಕಳೆದಿವೆ. ಮನೆಯೂ ಅವರದೇ, ಡ್ರಮ್ಮೂ ಅವರದೇ.

ಕಸ್ತೂರಿ ಸಗರದವಳು. ಪಿಯುಸಿ ಫೇಲಾದ ಮೇಲೆ ಶಹಾಪುರದ ಕನ್ನಡಕದ ಅಂಗಡಿಯೊಂದರಲ್ಲಿ ಗಾಜಿನ ಅಂಚು ಉಜ್ಜುವ ಕೆಲಸಕ್ಕೆ ಸೇರಿದಳು. ದಿನಾ ಟಂಟಂ ಆಟೊ ಹತ್ತಿ ಬರುವುದು, ಸಾಣೆಚಕ್ರದ ಮುಂದೆ ಕೂರುವುದು. ಪಕ್ಕದ ಚಕ್ರದಲ್ಲಿ ಸರದಾರಸಾಬ. ಹೈದರಾಬಾದಿನ ಗುಜರಿಯಿಂದ ದಪ್ಪ ಗಾಜು ತಂದು, ಮನೆಯಲ್ಲಿ ತಿಕ್ಕಿ ದೂರದರ್ಶಕ ಮಾಡುವುದು ಅವರ ಹುಚ್ಚು. ಒಂದು ದಿನ ಈಕೆ ಅದೇನು ಎಂದು ಕೇಳಿದ್ದೇ ತಡ, “ಕೈ ತೊಳಕೊಂಡು ಬಾ” ಎಂದು ಗಾಜನ್ನೇ ಕೊಟ್ಟುಬಿಟ್ಟರಂತೆ.

“ಮದುವಿ ವಯಸ್ಸಿನ ಹುಡುಗಿ ಸಾಬರ ಅಂಗಳದಾಗ ಡ್ರಮ್ ಸುತ್ತಾಕತ್ಯಾಳ ಅಂತ ಮಂದಿ ಸುಮ್ನಿರ್ತಾರೇನ್ರಿ? ಹಜರಾಬೀ ಚಾಚಿ ತಲಬಾಗಿಲಾಗ ಅಕ್ಕಿ ಹಸನ ಮಾಡಕೋತ ಕುಂತ್ಲು. ಆಕಿ ಮುಖ ನೋಡಿ ಎಲ್ಲಾರೂ ಬಾಯಿ ಮುಚ್ಚಿದ್ರು,” ಎಂದು ಕಸ್ತೂರಿ ನಗುತ್ತಾಳೆ. ಹಜರಾಬೀ ಸರದಾರಸಾಬರ ಹೆಂಡತಿ.

ಕಲಿಯಲು ಬಂದ ಯಾರಿಂದಲೂ ಚಾಚಾ, ಅಂದರೆ ಸರದಾರಸಾಬ, ಏನೂ ತೆಗೆದುಕೊಂಡವರಲ್ಲ. ಅವರ ದೂರದರ್ಶಕ ವನದುರ್ಗದಲ್ಲಿದೆ, ಸುರಪುರದಲ್ಲಿದೆ. ಬೋನಾಳದ ಮಕ್ಕಳಂತೂ ಹಗಲು ಅದನ್ನು ಕೆರೆಯ ಕಡೆ ತಿರುಗಿಸಿ ಹಕ್ಕಿ ನೋಡುತ್ತಾರಂತೆ. ಹಕ್ಕಿ ತಲೆಕೆಳಗಾಗಿ ಕಾಣುತ್ತದೆ, ಅದಕ್ಕೇ ಅವರಿಗೆ ಖುಷಿ.

ಚಾಚಾನದು ಒಂದೇ ಪಾಠ. ತಿಕ್ಕುವ ಕೈಯ ಬಿಸಿಗೆ ಗಾಜು ಉಬ್ಬುತ್ತದೆ, ಆಗ ಅಳೆದರೆ ಮೋಸ. “ಕೈ ತಗಿ, ಚಾ ಕುಡಿ, ಆಮ್ಯಾಲ ನೋಡು ಅಂತಿದ್ರು,” ಎನ್ನುತ್ತಾಳೆ ಕಸ್ತೂರಿ. ಹೀಗಾಗಿ ಈ ಮನೆಯಲ್ಲಿ ಚಾ ಕೂಡ ಕೆಲಸದ ಭಾಗ. ಅದನ್ನು ಮಾಡುತ್ತ ಬಂದವಳು ಹಜರಾಬೀ. ಊರ ಮಂದಿಯೆಲ್ಲ ಇದೇ ಅಂಗಳದಲ್ಲಿ ಸಾಲುಗಟ್ಟಿ ಚಂದ್ರನನ್ನು ನೋಡುವಾಗ ಆಕೆ ಒಲೆಯ ಮುಂದೆ. ‘ನಾಳಿ ನೋಡತೀನಿ’ ಎನ್ನುತ್ತಲೇ ವಯಸ್ಸಾಯಿತು. ಕೊನೆಗೆ ಚಾಚಾ ಹಟ ಹಿಡಿದು, ‘ಇದು ನಿನ್ನದು, ಮೊದಲ ನೀನೇ ನೋಡಬೇಕು’ ಎಂದು ಈ ಗಾಜು ಹಿಡಿದರು. ಅರ್ಧಕ್ಕೇ ಹೋಗಿಬಿಟ್ಟರು.

ಗಾಜು ಬಟ್ಟೆ ಸುತ್ತಿಕೊಂಡು ಅಕ್ಕಿ ಡಬ್ಬಿಯ ಮೇಲೆ ಕೂತಿತು. ಮುಟ್ಟಲು ಕಸ್ತೂರಿಗೆ ಧೈರ್ಯವಿಲ್ಲ. ಆಕೆ ಒಂದು ಸಲ ತಿಕ್ಕಿದರೂ ಚಾಚಾನ ಕೈ ಅಷ್ಟು ಅಳಿಸಿದಂತೆ ತಾನೆ? ಈ ಚಳಿಗಾಲದಲ್ಲಿ ಹಜರಾಬೀಯೇ ಅದನ್ನು ತಂದು ಡ್ರಮ್ಮಿನ ಮೇಲಿಟ್ಟು ಬೈದಳಂತೆ. “ಸತ್ತವ್ರ ಕೈ ಕಾಯಕೋತ ಕುಂತ್ರ ಬದುಕಿದವ್ರ ಕಣ್ಣಿಗೇನು ಬಂತು?”

ಶುರುವಾಯಿತು, ಮತ್ತು ಕೆಟ್ಟಿತು. ಹೆದರಿ ಹೆದರಿ ಮೆಲ್ಲಗೆ ತಿಕ್ಕುತ್ತ ಬಿಸಿಲೇರಿದ್ದೇ ಕಸ್ತೂರಿಗೆ ಗೊತ್ತಾಗಲಿಲ್ಲ. ತಿಕ್ಕಲೆಂದು ಗಾಜಿನ ಕೆಳಗೆ ಹಾಸಿದ ರಾಳ ಮೆತ್ತಗಾಗಿ ಕನ್ನಡಿಯ ಅಂಚು ಇಳಿದುಹೋಯಿತು. ಸರಿಮಾಡಬೇಕೆಂದರೆ ಗಾಜಿನ ಇಡೀ ಮೈಯನ್ನು ಹೊಸದಾಗಿ ತಿಕ್ಕಬೇಕು. ಚಾಚಾನ ಕೈ ಒಂದಿಷ್ಟೂ ಉಳಿಯುವುದಿಲ್ಲ.

“ಡ್ರಮ್ ಹಿಡಕೊಂಡು ಅತ್ತೆ ನೋಡ್ರಿ. ಚಾಚಿ ಏನಂದ್ಲು ಗೊತ್ತದ? ‘ಏ ಹುಚ್ಚಿ, ಅವ್ರು ಎಷ್ಟು ಕೆಡಸ್ಯಾರ ನಿನಗೇನು ಗೊತ್ತು? ನೀವೆಲ್ಲಾ ಹೋದ ಮ್ಯಾಲ ಕುಂತು ಮತ್ತ ತಿಕ್ಕತಿದ್ರು. ನಿಮ್ಮ ಮುಂದ ಉಸ್ತಾದ ಆಗಬೇಕಲ್ಲ!’ ಇಷ್ಟು ವರ್ಷ ಚಾಚಾನ ಕೈ ತಪ್ಪೂದೇ ಇಲ್ಲ ಅಂದಕೊಂಡಿದ್ದೆ. ಆವತ್ತು ನಗಿನೂ ಬಂತು, ಧೈರ್ಯನೂ ಬಂತು. ಮತ್ತ ಮೊದಲಿಂದ ತಿಕ್ಕಿದೆ.”

ಈಗ ಕಡೀ ಕೈ ಮುಗಿದು ಗಾಜು ತೊಳೆದಾಯಿತು. ಹಜರಾಬೀ ಚಾ ತರುತ್ತಾಳೆ, ಕುಡಿಯುತ್ತೇವೆ. ಬಿಸಿ ಆರಿದ ಮೇಲೆ ಕಸ್ತೂರಿ ಕತ್ತಲ ಕೋಣೆಯಲ್ಲಿ ಸಣ್ಣ ದೀಪವಿಟ್ಟು, ಮರಳುವ ಬೆಳಕಿಗೆ ಬ್ಲೇಡಿನ ಅಂಚು ಅಡ್ಡ ಹಿಡಿದು ಕನ್ನಡಿ ಪರೀಕ್ಷಿಸುತ್ತಾಳೆ. ಆಮೇಲೆ ಹೊರಬಂದು ಅದನ್ನು ಕೊಳವೆಯೊಳಗೆ ಕೂರಿಸುತ್ತಾಳೆ. ಸ್ಟ್ಯಾಂಡು ಆಕೆಯ ಗಂಡ, ವೆಲ್ಡಿಂಗ್ ಕೆಲಸದ ಭೀಮಾಶಂಕರ ಮಾಡಿಕೊಟ್ಟದ್ದು. ಕನ್ನಡಿಗೆ ಹೊಳಪಿನ ಲೇಪ ಇನ್ನೂ ಹಾಕಿಸಬೇಕು, ಆದರೆ ಚಂದ್ರನಿಗೆ ಇಷ್ಟೇ ಸಾಕಂತೆ. ಮೂಡಣದಲ್ಲಿ, ಮನೆಗಳ ಮಾಳಿಗೆಯ ಮೇಲೆ, ಕರಗುತ್ತಿರುವ ತೆಳು ಚಂದ್ರ.

“ಚಾಚಿ, ಬಾ.”

“ನೀವು ನೋಡ್ರಿ, ಮೆಹಮಾನರು ಬಂದಾರ. ಒಲಿ ಮ್ಯಾಲ ಹಾಲಿಟ್ಟೀನಿ, ಇನ್ನೊಂದು ಸಲ ಚಾ ಮಾಡತೀನಿ…”

ಕಸ್ತೂರಿ ಕೆಂಪುಗೈಯಲ್ಲೇ ಆಕೆಯ ರಟ್ಟೆ ಹಿಡಿದು ತಂದು ನಿಲ್ಲಿಸುತ್ತಾಳೆ. ಹಜರಾಬೀ ಸೆರಗು ಸರಿಮಾಡಿಕೊಂಡು ಬಗ್ಗುತ್ತಾಳೆ. “ಯಾ ಅಲ್ಲಾ!” ಎನ್ನುತ್ತಾಳೆ.

“ಇಷ್ಟು ತಗ್ಗು ಬಿದ್ದಾವ? ಅವ್ರು ದಿನಾ ಹೇಳತಿದ್ರು. ನಾ ಸುಳ್ಳ ಗಪ್ಪ ಹೊಡೀತಾರ ಅಂದಕೊಂಡಿದ್ದೆ,” ಎನ್ನುತ್ತಾಳೆ, ಕಣ್ಣು ತೆಗೆಯದೆ. ಚಂದ್ರ ಸರಿದಂತೆಲ್ಲ ಕಸ್ತೂರಿ ಕೊಳವೆಯನ್ನು ಮೆಲ್ಲಗೆ ಸರಿಸಿಕೊಡುತ್ತಾಳೆ.

ಒಳಗಿನಿಂದ ಹಾಲು ಉಕ್ಕಿ ಸೀಯುವ ವಾಸನೆ ಬರುತ್ತದೆ. “ಚಾಚಿ, ಹಾಲು!” ಎನ್ನುತ್ತೇನೆ.

“ಉಕ್ಕಲಿ ಬಿಡ್ರಿ,” ಎನ್ನುತ್ತಾಳೆ ಹಜರಾಬೀ.

ಕಸ್ತೂರಿ ಮುಂಗೈಯಿಂದ ಕಣ್ಣೊರೆಸಿಕೊಳ್ಳುತ್ತಾಳೆ, ಕೆನ್ನೆಯೆಲ್ಲ ಕೆಂಪು. “ಚಾಚಿ ಒಲಿ ಮರ್ತಾಳ್ರಿ ಸರ್ರ. ಕನ್ನಡಿ ಪಾಸಾತು,” ಎಂದು ಒಳಗೆ ನಡೆಯುತ್ತಾಳೆ. ಹೊಸ್ತಿಲಲ್ಲಿ ಒಮ್ಮೆ ತಿರುಗುತ್ತಾಳೆ. “ಇನ್ನ ಮ್ಯಾಲ ಈ ಮನ್ಯಾಗ ಚಾ ನಾ ಮಾಡತೀನ್ರಿ. ಆಕಿ ನೋಡಲಿ.”