ಹಿಂಬದಿಯ ಹಲಗೆ

ಬಂದರಿನವರೆಲ್ಲ ಅವನನ್ನು ಕನ್ನಡಿ ಮೇಸ್ತ್ರಿ ಎಂದು ಕರೆಯುತ್ತಿದ್ದರು. ಅವನು ಬಣ್ಣ ಹೊಡೆದು ಉಜ್ಜಿ ಮುಗಿಸಿದ ಬೋಟಿನ ಮೈ ನೋಡಿಕೊಂಡೇ ಗಡ್ಡ ಹೆರೆಯಬಹುದು ಎನ್ನುವುದು ಅಲ್ಲಿನ ಹಳೆಯ ತಮಾಷೆ. ಹೊಗಳಿದರೆ ಹಿಗ್ಗುವ ಜಾತಿಯಲ್ಲ ಅವನದು. "ಕೈ ನಂದು ಅಷ್ಟೇ, ಕೆಲಸ ಅಪ್ಪಂದು" ಎಂದು ಮಾತು ಮುಗಿಸುತ್ತಿದ್ದ. ಬೋಟು ರಿಪೇರಿಯ ಆ ಶೆಡ್ಡನ್ನು ಕಟ್ಟಿದವನು ಅವನ ಅಪ್ಪ. ಈಗ ಎಂಬತ್ತನಾಲ್ಕು ವರ್ಷ. ಶೆಡ್ಡಿನ ಹಿಂದಿನ ಮನೆಯಲ್ಲಿ, ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದ. ಕಿವಿ ಸ್ವಲ್ಪ ಮಂದ, ಕಣ್ಣು ಚುರುಕು. ಯಾವ ಬೋಟು ಬಂತು, ಯಾವುದು ಹೋಯಿತು ಎಂಬುದೆಲ್ಲ ಅಲ್ಲಿಂದಲೇ ಅವನ ಲೆಕ್ಕಕ್ಕೆ ಸಿಗುತ್ತಿತ್ತು.

ಆದ್ದರಿಂದ ಆ ಕೆಂಪು ರೇಸ್ ಬೋಟು ಲಾರಿಯ ಮೇಲೆ ಬಂದ ದಿನ ಮೊದಲು ನೋಡಿದವನೂ ಅವನೇ. ಮಗ ಒಳಗೆ ಬಂದಾಗ ಅವನು ಕೇಳಿದ್ದು ಒಂದೇ ಮಾತು: "ಅದನ್ನ ಯಾಕೆ ತಂದೆ?"

"ತಂದದ್ದು ನಾನಲ್ಲ. ಹೋಟೆಲ್ ಧಣಿ ಕೊಂಡುಕೊಂಡಿದಾರೆ. ಮೊದಲು ಹೇಗಿತ್ತೋ ಹಾಗೇ ಮಾಡಿಕೊಡಿ ಅಂದ್ರು."

ಮುದುಕ ಮುಖ ತಿರುಗಿಸಿದ. ಮೇಸ್ತ್ರಿಗೆ ಅದು ಸಹಜವೆಂದೇ ಅನಿಸಿತು. ಆ ಬೋಟಿನ ಹೆಸರೆತ್ತಿದರೆ ಮನೆಯಲ್ಲಿ ಯಾರಿಗೂ ಊಟ ರುಚಿಸುತ್ತಿರಲಿಲ್ಲ.

ಮೂವತ್ತೆಂಟು ವರ್ಷದ ಹಿಂದಿನ ಮಾತು. ಆ ಬೋಟು ಆಗ ಆ ಕಡಲಿನಲ್ಲೇ ಅತಿ ವೇಗದ್ದು. ಇಪ್ಪತ್ತೆಂಟು ಅಡಿ ಉದ್ದ, ಈಟಿಯಂಥ ಮೂತಿ, ಹಿಂದೆ ಜೋಡಿ ಎಂಜಿನ್. ಅಂಥ ಬೋಟನ್ನು ಇಬ್ಬರು ನಡೆಸುತ್ತಾರೆ. ಒಬ್ಬ ಚುಕ್ಕಾಣಿ ಹಿಡಿಯುತ್ತಾನೆ, ಇನ್ನೊಬ್ಬ ಥ್ರಾಟಲ್ ಹಿಡಿದು ವೇಗ ನೋಡಿಕೊಳ್ಳುತ್ತಾನೆ. ಥ್ರಾಟಲ್ ಮೇಸ್ತ್ರಿಯ ಅಣ್ಣನ ಕೈಯಲ್ಲಿತ್ತು. ಆರು ವರ್ಷ ರೇಸು ಓಡಿಸಿದವನು. ಏಳನೆಯ ವರ್ಷ, ಓಟದ ಅರ್ಧದಲ್ಲಿ, ಬೋಟು ಇದ್ದಕ್ಕಿದ್ದಂತೆ ಬಲಕ್ಕೆ ಎಳೆದು ಮಗುಚಿತು. ಚುಕ್ಕಾಣಿ ಹಿಡಿದಿದ್ದವನು ಅಲ್ಲೇ ಸತ್ತ. ಅವನಿಗೆ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಅಣ್ಣ ಬೆನ್ನು ಮುರಿದುಕೊಂಡು ಬದುಕಿದ. ರೇಸಿನ ಕ್ಲಬ್ಬಿನವರು ವಿಚಾರಣೆ ನಡೆಸಿ, ಬೋಟಿನಲ್ಲಿ ದೋಷವಿರಲಿಲ್ಲ, ಥ್ರಾಟಲ್ ಹಿಡಿದವನ ಅಜಾಗರೂಕತೆಯೇ ಕಾರಣ ಎಂದು ಬರೆದರು.

ಮೇಸ್ತ್ರಿ ಆಗ ಇಪ್ಪತ್ತರ ಹುಡುಗ. ಬೇರೆ ಊರಿನಲ್ಲಿ ಎಂಜಿನ್ ಕೆಲಸ ಕಲಿಯುತ್ತಿದ್ದ. ಅವನು ವಾಪಸು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬೋಟಿನ ಆಗಿನ ಮಾಲೀಕ ಅದನ್ನು ಟಾರ್ಪಾಲು ಹೊದಿಸಿ ತನ್ನ ಗೋದಾಮಿಗೆ ಸೇರಿಸಿದ್ದ. ಅಣ್ಣನಿಗೆ ಬೋಟಿನವರು ಯಾರೂ ಕೆಲಸ ಕೊಡಲಿಲ್ಲ. ಕೊನೆಗೆ ಅವನು ಜನರನ್ನು ಆಚೆ ದಡಕ್ಕೆ ದಾಟಿಸುವ ದೋಣಿಯ ಕಟ್ಟೆಯಲ್ಲಿ ಟಿಕೆಟ್ ಹರಿಯುವ ಕೆಲಸಕ್ಕೆ ಸೇರಿದ. ಸೊಂಟ ಬಗ್ಗಿಸಿ, ಒಂದು ಕಾಲು ಎಳೆದುಕೊಂಡು ಅವನು ಬರುವುದನ್ನು ಕಂಡರೆ ಪಡ್ಡೆಗಳು "ಫುಲ್‌ಸ್ಪೀಡು ಬಂತು, ದಾರಿ ಬಿಡ್ರೋ" ಎನ್ನುತ್ತಿದ್ದರು. ಆ ಹೆಸರೇ ಅವನಿಗೆ ಅಂಟಿಕೊಂಡಿತು.

ತಮ್ಮನೂ ಅಣ್ಣನಿಗೆ ನೆರಳಾಗಲಿಲ್ಲ. ಒಂದು ಮಧ್ಯಾಹ್ನ ಅಣ್ಣ ಶೆಡ್ಡಿನ ಬಾಗಿಲಲ್ಲಿ ನಿಂತು, "ನನ್ನ ಕೈಲಿ ತಪ್ಪಾಗಿಲ್ಲ ಕಣೋ. ನೀನಾದ್ರೂ ನಂಬು" ಎಂದಿದ್ದ.

"ಒಬ್ಬನ ಜೀವ ತೆಗೆದು ಇನ್ನೂ ನೆಪ ಹೇಳ್ತೀಯಲ್ಲ, ನಾಚಿಕೆ ಆಗಲ್ವಾ?" ಎಂದಿದ್ದ ತಮ್ಮ. ಅಪ್ಪ ಅಲ್ಲೇ, ನಾಲ್ಕು ಹೆಜ್ಜೆ ದೂರದಲ್ಲಿ, ಹಲಗೆಗೆ ರಂಧಾ ಹೊಡೆದು ನುಣುಪು ಮಾಡುತ್ತಿದ್ದ. ತಲೆ ಎತ್ತಲಿಲ್ಲ. ಅಣ್ಣ ಆಮೇಲೆ ಶೆಡ್ಡಿಗೆ ಕಾಲಿಡಲಿಲ್ಲ. ಅಪಘಾತವಾದ ಹತ್ತೊಂಬತ್ತು ವರ್ಷಕ್ಕೆ ಅವನು ತೀರಿಕೊಂಡ. ಕೊನೆಗಾಲದಲ್ಲಿ ಅವನು ಆಸ್ಪತ್ರೆಯಲ್ಲಿದ್ದಾಗ ತಮ್ಮ ಎರಡು ಸಲ ಹೋಗಿದ್ದ. ಎರಡು ಸಲವೂ ವರಾಂಡದಲ್ಲೇ ಅತ್ತಿಗೆಯನ್ನು ವಿಚಾರಿಸಿಕೊಂಡು ಹಿಂದಿರುಗಿದ್ದ.

ಇಷ್ಟೆಲ್ಲ ಇದ್ದೂ ಅವನು ಆ ಬೋಟಿನ ಕೆಲಸ ಒಪ್ಪಿಕೊಂಡದ್ದಕ್ಕೆ ಕಾರಣ, ಬೇಡವೆನ್ನಲು ಮನಸ್ಸು ಬಾರದಷ್ಟು ಅದು ಚೆಂದವಿತ್ತು. ಧೂಳು, ಇಲಿಹಿಕ್ಕೆ, ವರ್ಷ ಕಳೆದು ಸುಣ್ಣದಂತಾದ ಬಣ್ಣ, ಇವೆಲ್ಲದರ ಕೆಳಗೂ ಅದರ ಮೈಕಟ್ಟು ಹಾಗೇ ಇತ್ತು. ಮೊದಲ ವಾರ ಅವನು ಎಂಜಿನ್ ಕಳಚಿ ಕೆಳಗಿಳಿಸಿದ. ಎರಡನೆಯ ವಾರ ಮರದ ಸುತ್ತಿಗೆ ಹಿಡಿದು ಮೈಯುದ್ದಕ್ಕೂ ತಟ್ಟುತ್ತ ಬಂದ. ಗಟ್ಟಿಯಿದ್ದಲ್ಲಿ ಟಣ್ ಎನ್ನುತ್ತದೆ, ಒಳಗೆ ಕೊಳೆತಿದ್ದರೆ ಸತ್ತ ಸದ್ದು. ಹಿಂಬದಿಯ ಹಲಗೆಗೆ ಬಂದಾಗ ಬಲಗಡೆಯ ಸದ್ದು ಸತ್ತಿತ್ತು.

ಹಿಂಬದಿಯ ಹಲಗೆ ಎಂದರೆ ಅಂಥ ಬೋಟಿನ ಬೆನ್ನೆಲುಬು. ಎರಡೂ ಎಂಜಿನ್ನಿನ ತಳ್ಳುವ ಬಲವೆಲ್ಲ ಬೀಳುವುದು ಅದರ ಮೇಲೆ. ಹೊರಗೂ ಒಳಗೂ ಫೈಬರ್, ನಡುವೆ ಪ್ಲೈವುಡ್. ಮೇಸ್ತ್ರಿ ಮೂಗಿಗೆ ಮಾಸ್ಕ್ ಏರಿಸಿ, ಒಳಮೈಯಲ್ಲಿ ಒಂದು ಕಿಟಕಿಯಷ್ಟು ಅಗಲ ಕತ್ತರಿಸಿದ. ಒಳಗಿನ ಪ್ಲೈವುಡ್ ಕೈಯಲ್ಲಿ ಹಿಂಡಿದರೆ ಚಹಾದ ಚರಟದಂತೆ ಉದುರಿತು. ಬೋಲ್ಟಿನ ತೂತುಗಳು ದುಂಡಗೆ ಉಳಿದಿರದೆ ಉದ್ದಕ್ಕೆ ಸೀಳಿಕೊಂಡಿದ್ದವು. ಹಲಗೆ ಓಟದ ನಡುವೆಯೇ ಜಗ್ಗಿ, ಬಲಗಡೆಯ ಎಂಜಿನ್ ಓರೆಯಾಗಿತ್ತು ಎಂಬುದನ್ನು ತಿಳಿಯಲು ಅವನಿಗೆ ಯಾರ ವಿಚಾರಣೆಯೂ ಬೇಕಿರಲಿಲ್ಲ.

ಅವನು ಕತ್ತರಿಸುವುದನ್ನು ನಿಲ್ಲಿಸಿದ್ದು ಅದಕ್ಕಲ್ಲ. ಕೊಳೆತ ಮರದ ಮೇಲೆ ಯಾರೋ ಹೊಸ ಪ್ಲೈವುಡ್ಡಿನ ತುಂಡೊಂದನ್ನು ಕೂರಿಸಿ, ಫೈಬರ್ ಬಟ್ಟೆ ಹೊದಿಸಿ ತೇಪೆ ಹಾಕಿದ್ದರು. ಬಟ್ಟೆಯ ಪದರಗಳು ಮೆಟ್ಟಿಲಿನಂತೆ, ಒಂದಕ್ಕಿಂತ ಒಂದು ಎರಡು ಬೆರಳು ಒಳಗೆ. ಮೂಲೆಗಳು ಲೋಟ ಇಟ್ಟು ಕೊರೆದಷ್ಟು ದುಂಡಗೆ. ಆ ಬಂದರಿನಲ್ಲಿ ಹಾಗೆ ಕತ್ತರಿಸುವವರು ಇಬ್ಬರೇ. ಒಬ್ಬ ಅವನು, ಇನ್ನೊಬ್ಬ ಅವನಿಗೆ ಕಲಿಸಿದವನು. ಒರೆಸಿ ನೋಡಿದರೆ, ಅಂಟಾಗಿ ಹಚ್ಚಿ ಗಟ್ಟಿಯಾದ ರೆಸಿನ್ನಿನ ಕೆಳಗೆ, ಗಾಜಿನೊಳಗಿಟ್ಟಂತೆ, ಪೆನ್ಸಿಲಿನಲ್ಲಿ ಬರೆದ ತಾರೀಖು. ಮಾಡಿದ ಪ್ರತಿ ಕೆಲಸದ ಮೇಲೂ ತಾರೀಖು ಬರೆಯುವುದು ಅಪ್ಪನ ಅಭ್ಯಾಸ. ರೇಸಿಗೆ ಎರಡು ದಿನ ಮೊದಲಿನ ತಾರೀಖು ಅದು.

ಅವನು ಆ ತುಂಡನ್ನು ಕತ್ತರಿಸಿಕೊಂಡು ಮನೆಯೊಳಗೆ ಹೋಗಿ ಅಪ್ಪನ ತೊಡೆಯ ಮೇಲಿಟ್ಟ.

ಮುದುಕ ಬೆರಳಿನಿಂದ ಅಂಚು ಸವರಿದ. "ಚೆನ್ನಾಗಿ ಕೂತಿದೆ" ಎಂದ.

"ಕೊಳೆತದ್ದರ ಮೇಲೆ ಕೂರಿಸಿದೀರಿ."

"ಗೊತ್ತು. ತೂತಿಂದ ನೀರು ಜಿನುಗ್ತಿದೆ ಅಂತ ನಿಮ್ಮಣ್ಣನೇ ತೋರಿಸಿದ. ಪೂರ್ತಿ ಬಿಚ್ಚಿದ್ರೆ ಮೂರು ವಾರದ ಕೆಲಸ. ರೇಸು ಎರಡೇ ದಿನಕ್ಕಿತ್ತು. ಬಿಚ್ಚಿದ್ರೆ ತನ್ನ ಬೋಟುಗಳೆಲ್ಲ ಬೇರೆ ಶೆಡ್ಡಿಗೆ ಹೋಗತ್ತೆ ಅಂದ ಮಾಲೀಕ. ಹದಿನಾಲ್ಕು ಜನ ಇಲ್ಲಿ ಕೆಲಸಕ್ಕಿದ್ರು. ಒಂದು ರೇಸಿಗೆ ತಡೆಯತ್ತೆ ಅಂದ್ಕೊಂಡೆ."

"ಆಮೇಲೆ? ಹಲಗೆ ಗಟ್ಟಿ ಇದೆ ಅಂತ ಕ್ಲಬ್ಬಿಗೆ ಬರೆದುಕೊಟ್ಟೋರು ಯಾರು?"

"ನಾನೇ. ನನಗೇ ತಾನೇ ಬೋಟು ಪರೀಕ್ಷೆ ಮಾಡಿ ಅಂದಿದ್ದು ಅವರು."

"ಅಣ್ಣನಿಗೆ?"

"ಅವನಿಗೆ ಎಲ್ಲ ಗೊತ್ತಿತ್ತು. ಬೆನ್ನು ಮುರಿದು ಆಸ್ಪತ್ರೇಲಿ ಮಲಗಿದ್ದಾಗಲೇ, ನೀವು ಬರ್ದದ್ದೇ ಇರ್ಲಿ ಅಪ್ಪಾ ಅಂದ." ಮುದುಕ ತುಂಡಿನ ಅಂಚನ್ನು ಮತ್ತೆ ಸವರಿ, "ಹೊಟ್ಟೇಲಿ ಹುಟ್ಟಿದ ಮಗ ಅವನು. ನನ್ನ ಮರ್ಯಾದೆ ಉಳಿಸಿದ" ಎಂದ.

ಆ ಸಂಜೆಯೇ ಮೇಸ್ತ್ರಿ ಅತ್ತಿಗೆಯ ಮನೆಗೆ ಹೋದ. ಒಂದು ಕೋಣೆ, ಒಂದು ಅಡುಗೆಮನೆ. ಅತ್ತಿಗೆ ಹೊಲಿಗೆ ಮಿಶನ್ನಿನ ಮುಂದೆ ಕೂತು ಯಾರದೋ ಶಾಲೆಯ ಅಂಗಿಗೆ ತೋಳು ಕೂರಿಸುತ್ತಿದ್ದಳು. ಅವನು ಕಾಗದ ಬಿಚ್ಚಿ ತುಂಡನ್ನು ತೋರಿಸಿದ. ಎಲ್ಲ ಹೇಳಿದ. ಅವಳು ಕೇಳಿಸಿಕೊಳ್ಳುತ್ತಲೇ ಹೊಲಿಗೆ ಮುಗಿಸಿ, ದಾರ ಕಡಿದಳು.

"ಇದನ್ನ ಹೇಳೋಕೆ ಬಂದ್ರಾ? ನಂಗೆ ಗೊತ್ತಿಲ್ದೆ ಇದ್ದದ್ದು ಏನಿದೆ ಇದರಲ್ಲಿ?"

ಮೇಸ್ತ್ರಿ ದಂಗಾದ. "ಮತ್ತೆ ನನಗೊಬ್ಬನಿಗೇ ಯಾಕೆ ಹೇಳ್ಲಿಲ್ಲ ಅತ್ತಿಗೆ?"

"ಹೇಳಬೇಡ ಅಂತ ನಿಮ್ಮಣ್ಣನೇ ಆಣೆ ಹಾಕಿಸಿದ್ರು. ತಮ್ಮ ಅಪ್ಪನ ಕೆಳಗೆ ಕೆಲಸ ಕಲೀಬೇಕು, ಇದು ಗೊತ್ತಾದ್ರೆ ಬಿಟ್ಟು ಹೋಗ್ತಾನೆ, ಆ ಕೈಯ ಕೆಲಸ ಅಲ್ಲಿಗೇ ನಿಂತೋಗತ್ತೆ ಅಂತಿದ್ರು." ಅವಳು ಅಂಗಿಯನ್ನು ಮಡಚಿಟ್ಟಳು. "ನೀವು ಅವತ್ತು ಶೆಡ್ಡಲ್ಲಿ ಆ ಮಾತಂದ ದಿನ, ಮನೆಗೆ ಬಂದು ಊಟ ಮಾಡ್ಲಿಲ್ಲ. ಗೋಡೆ ಕಡೆ ಮುಖ ಮಾಡಿ ಮಲಗಿದ್ರು. ನಾನು ಆಗಲೇ ಓಡಿ ಬಂದು ನಿಮ್ಮ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡಬೇಕಿತ್ತು. ಹೇಳ್ಲಿಲ್ಲ. ಅದೊಂದು ನನ್ನ ತಪ್ಪು."

ಅವನು ಕ್ಷಮಿಸಿ ಎಂದ. ಅವಳು ಎದ್ದು ಚಹಾಕ್ಕೆ ನೀರಿಟ್ಟಳು. ಕುಡಿದು ಎದ್ದು ಬಂದ.

ಮನಸ್ಸಿಗೆ ಏನಾದರೂ ಮಾಡಲೇಬೇಕೆನಿಸಿತು. ಕೊಳೆತ ಮರದ, ಬೋಲ್ಟಿನ ತೂತುಗಳ, ತಾರೀಖಿನ ಫೋಟೊ ತೆಗೆದು, ಕ್ಲಬ್ಬಿಗೆ ಎರಡು ಪುಟದ ಪತ್ರ ಬರೆದ. ಕಾರ್ಯದರ್ಶಿ ವಿನಯದಿಂದಲೇ ಉತ್ತರಿಸಿದರು. ಆಗ ವರದಿ ಕೊಟ್ಟ ಪರಿಣತರೇ ಅದು ತಪ್ಪೆಂದು ಸಹಿ ಮಾಡಿಕೊಟ್ಟರೆ ತೀರ್ಮಾನವನ್ನು ಬದಲಿಸಬಹುದು, ಇಲ್ಲದಿದ್ದರೆ ಹಳೆಯ ಕಡತವನ್ನು ತೆರೆಯುವುದು ಕಷ್ಟ ಎಂದಿತ್ತು ಅದರಲ್ಲಿ.

ಅವನು ನಾಲ್ಕು ಸಾಲು ಟೈಪ್ ಮಾಡಿಸಿ ಅಪ್ಪನ ಮುಂದಿಟ್ಟು ಪೆನ್ನು ಕೊಟ್ಟ.

"ಕೈ ನಡುಗತ್ತೆ" ಎಂದ ಮುದುಕ.

"ಹೆಬ್ಬೆಟ್ಟು ಒತ್ತಿ."

"ಅರವತ್ತು ವರ್ಷ ಈ ಬಂದರಿನಲ್ಲಿ ನನ್ನ ಮಾತು ಅಂದ್ರೆ ಮಾತು. ನಾನು ಸತ್ತ ಮೇಲೆ ಏನು ಬೇಕಾದ್ರೂ ಬರ್ಕೋ."

"ಸತ್ತೋರ ಸಹಿ ಯಾರು ಒಪ್ತಾರಪ್ಪಾ? ಅಣ್ಣ ಆ ಹೆಸರು ಹೊತ್ಕೊಂಡು ಸತ್ತ. ಅಷ್ಟೂ ಕರುಣೆ ಇಲ್ವಾ ನಿಮಗೆ?"

ಮುದುಕನ ಕಣ್ಣು ಕೆಂಪಾಯಿತು. "ಕರುಣೆ ಮಾತು ನೀನು ಆಡಬೇಡ. ನಾನು ಸುಳ್ಳು ಬರೆದೆ, ಹೌದು. ಆದ್ರೆ ಪ್ರತಿ ತಿಂಗಳೂ ಅವನ ಮನೆಗೆ ಹೋಗಿ ಪಕ್ಕದಲ್ಲಿ ಕೂತು ಬರ್ತಿದ್ದೆ. ನೀನು? ಒಡಹುಟ್ಟಿದವನು. ಒಂದು ದಿನ, ಒಂದೇ ಒಂದು ದಿನ ಅವನ ಪಕ್ಕ ಕೂತ್ಯಾ?"

ಕಾಗದ ಅಲ್ಲೇ ಉಳಿಯಿತು. ಮೇಸ್ತ್ರಿ ಅದನ್ನು ಮಡಚಿ ಜೇಬಿಗಿಟ್ಟುಕೊಂಡು ಶೆಡ್ಡಿಗೆ ಬಂದ.

ಕೆಲಸ ಬಿಟ್ಟುಬಿಡಬೇಕೆಂದು ಎರಡು ದಿನ ಯೋಚಿಸಿದ. ಬಿಟ್ಟರೆ ಇನ್ನೊಬ್ಬ ಬಂದು ಹಲಗೆಯಲ್ಲಿ ತಾನು ಕತ್ತರಿಸಿದ ಕಿಟಕಿಯನ್ನು ಮುಚ್ಚಿ ಮೇಲೆ ಬಣ್ಣ ಹೊಡೆಯುತ್ತಾನೆ ಎಂಬ ಯೋಚನೆ ಬಂದದ್ದೇ ತಡ, ಎದ್ದು ಹಿಂಬದಿಯ ಹಲಗೆಯನ್ನು ಪೂರ್ತಿ ಕಿತ್ತ. ಹೊಸ ಪ್ಲೈವುಡ್ ಅಳೆದು, ಒಣಗಿಸಿ, ಪದರದ ಮೇಲೆ ಪದರ ಅಂಟಿಸಿ, ಒಂದೊಂದು ತೂತಿನ ಒಳಗೂ ರೆಸಿನ್ ಕುಡಿಸಿದ. ಮೂರು ವಾರದ ಕೆಲಸ ಎಂದಿದ್ದ ಅಪ್ಪ. ಅವನು ಐದು ವಾರ ತೆಗೆದುಕೊಂಡ. ನಂತರ ಎಂಜಿನ್ನು, ನೆಲಗಟ್ಟು, ಸೀಟು, ಕೊನೆಗೆ ಕೆಂಪು ಬಣ್ಣ. ಎಂಟು ತಿಂಗಳಿಗೆ ಬೋಟು ಮೂವತ್ತೆಂಟು ವರ್ಷದ ಹಿಂದಿನಂತೆಯೇ ಹೊಳೆಯತೊಡಗಿತು. ಅವನ ಜೀವಮಾನದಲ್ಲಿ ಅಷ್ಟು ಚೆನ್ನಾದ ಕೆಲಸ ಇನ್ನೊಂದಿಲ್ಲ ಎಂದು ನೋಡಿದವರೆಲ್ಲ ಹೇಳಿದರು.

ಪರೀಕ್ಷೆಗೆ ಕಡಲಿಗಿಳಿಸಿದ ಬೆಳಿಗ್ಗೆ, ಧಣಿ ಕರೆಸಿದ್ದ ಚಾಲಕ ಚುಕ್ಕಾಣಿ ಹಿಡಿದ. ಎಂಜಿನ್ನಿನ ಹದ ಬಲ್ಲವನೆಂದು ಥ್ರಾಟಲ್ಲಿಗೆ ಮೇಸ್ತ್ರಿಯೇ ನಿಂತ. ದಂಡೆ ದಾಟಿದ ಮೇಲೆ ವೇಗ ಏರಿತು. ಬೋಟು ಅಲೆಯಿಂದ ಅಲೆಗೆ ಜಿಗಿಯತೊಡಗಿತು. ಮೇಲೆದ್ದ ಕ್ಷಣವೇ ಥ್ರಾಟಲ್ ಹಿಂದೆಳೆಯಬೇಕು, ನೀರು ಮುಟ್ಟುವ ಮೊದಲೇ ಮತ್ತೆ ಒತ್ತಬೇಕು. ಕಣ್ಣು ಮಿಟುಕಿಸಿದರೆ ತಡವಾಯಿತು. ಹತ್ತೇ ಜಿಗಿತಕ್ಕೆ ಅವನ ಮುಂಗೈ ಮರಗಟ್ಟಿತು, ಎರಡು ಸಲ ತಪ್ಪಿದ. ಅಣ್ಣ ಇದನ್ನು ಆರು ವರ್ಷ, ಗಂಟೆಗಟ್ಟಲೆ, ಒಂದು ಸಲವೂ ತಪ್ಪದೆ ಮಾಡಿದ್ದ. ಅಜಾಗರೂಕ ಎಂದು ಅವನಿಗೆ ಹೆಸರಿಟ್ಟವರಲ್ಲಿ ಆ ಹಿಡಿಯನ್ನು ಮುಟ್ಟಿದವನು ಒಬ್ಬನೂ ಇರಲಿಲ್ಲ. ತಮ್ಮನೂ ಮುಟ್ಟಿರಲಿಲ್ಲ. "ಸಾಕು, ತಿರುಗಿಸು" ಎಂದು ಕೂಗಿದ. ಮುಖ ತುಂಬ ಉಪ್ಪುನೀರಿದ್ದುದರಿಂದ ಚಾಲಕನಿಗೆ ಬೇರೇನೂ ಗೊತ್ತಾಗಲಿಲ್ಲ.

ಧಣಿ ಬೋಟನ್ನು ತನ್ನ ಹೋಟೆಲಿನ ಮುಂದಿನ ಗಾಜಿನ ಕೋಣೆಯಲ್ಲಿ ನಿಲ್ಲಿಸಲಿದ್ದ. ಪಕ್ಕದಲ್ಲಿ ಇಡುವ ಫಲಕವನ್ನು ಮೇಸ್ತ್ರಿಗೆ ಹೆಮ್ಮೆಯಿಂದ ತೋರಿಸಿದ. 'ಒಬ್ಬನ ಹುಚ್ಚು ವೇಗಕ್ಕೆ ಬಲಿಯಾದ ಕಡಲ ರಾಣಿ' ಎಂದಿತ್ತು.

"ಇದು ಸುಳ್ಳು ಧಣೀ. ಫೋಟೊ ತೋರಿಸಿದೀನಲ್ಲ ನಿಮಗೆ."

"ಕ್ಲಬ್ಬಿನ ಪುಸ್ತಕದಲ್ಲಿ ಇರೋದು ಇದೇ ಅಲ್ವಾ ಮೇಸ್ತ್ರೀ? ಕೊಳೆತ ಹಲಗೆ ಅಂತ ಬರೆದ್ರೆ ಯಾರು ನೋಡೋಕೆ ಬರ್ತಾರೆ? ಕೆಳಗೆ ನಿಮ್ಮ ಹೆಸರು ದೊಡ್ಡದಾಗಿ ಹಾಕಿಸಿದೀನಿ, ನೋಡಿ."

"ನನ್ನ ಹೆಸರು ತೆಗೆಸಿ" ಎಂದ ಮೇಸ್ತ್ರಿ. ಹೆಸರು ತೆಗೆದರು. ಮೇಲಿನ ಸಾಲು ಹಾಗೇ ಉಳಿಯಿತು.

ಅದೇ ವರ್ಷದ ಕೊನೆಗೆ ಅಪ್ಪ ಕುರ್ಚಿಯಲ್ಲಿ ಕೂತಲ್ಲೇ ಹೋಗಿಬಿಟ್ಟ. ಬಂದರಿಗೆ ಬಂದರೇ ಸೇರಿ, ಅಂಥ ಪ್ರಾಮಾಣಿಕ ಕೆಲಸಗಾರ ಇನ್ನು ಹುಟ್ಟುವುದಿಲ್ಲ ಎಂದಿತು. ಮೇಸ್ತ್ರಿ ಕೈಕಟ್ಟಿ ನಿಂತು ಕೇಳಿಸಿಕೊಂಡ. ಬಾಯಿ ತೆರೆಯಬೇಕೆಂದು ಎರಡು ಸಲ ಅನಿಸಿತು. ಎದುರಿಗೆ ನಿಂತಿದ್ದ ಅತ್ತಿಗೆಯ ಮುಖ ನೋಡಿದ. ಅವಳು ಬೇಡವೆಂದು ತಲೆಯಾಡಿಸಿದಳೋ, ಸೆರಗು ಸರಿಮಾಡಿಕೊಂಡಳೋ ತಿಳಿಯಲಿಲ್ಲ. ಸುಮ್ಮನಾದ.

ಈಗ ಅವನು ರೇಸ್ ಬೋಟು ಮುಟ್ಟುವುದಿಲ್ಲ. ಮೀನಿನವರ ದೋಣಿ, ದಾಟಿಸುವ ದೋಣಿ, ಇಷ್ಟೇ. ಹದಿನೈದು ದಿನಕ್ಕೊಮ್ಮೆ ಅತ್ತಿಗೆಯ ಮನೆಗೆ ಹೋಗುತ್ತಾನೆ. ನಲ್ಲಿ ಸೋರುತ್ತಿದ್ದರೆ ಸರಿಮಾಡುತ್ತಾನೆ, ಮಿಶನ್ನಿಗೆ ಎಣ್ಣೆ ಬಿಡುತ್ತಾನೆ. ಅವಳು ಚಹಾ ಕೊಡುತ್ತಾಳೆ, ದರ್ಜಿ ಕೆಲಸ ಕಮ್ಮಿಯಾಗುತ್ತಿದೆ ಎನ್ನುತ್ತಾಳೆ. ಅಣ್ಣನ ಮಾತನ್ನು ಅವನು ಒಂದೆರಡು ಸಲ ಎತ್ತಿ ನೋಡಿದ. ಅವಳು ಲೋಟ ತೆಗೆದುಕೊಂಡು ಒಳಗೆ ಹೋದಳು.