ದೋಣಿಯ ಹಲಗೆಗೆ ಅಗುಳಿ ಬೇಕೆಂದವಳು

ಆಗೆಲ್ಲ ನಜರ್‌ಬಾದಿನ ನಮ್ಮ ಬೀದಿಯವರಿಗೆ ದೋಣಿ ಅಂದರೆ ಹೊಳೆ ದಾಟಿಸೋ ಹರಿಗೋಲು, ಅಷ್ಟೇ. ಅದರೊಳಗೆ ಮೇಜು, ಮಂಚ ಇರುತ್ತೆ ಅಂದಿದ್ದರೆ ನಕ್ಕುಬಿಡೋರು. ನಾನು ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು. ಆದರೂ ಅಂಥ ಒಂದು ಮಂಚ ಗಟ್ಟಿಯಾಗಿ ನಿಂತಿದ್ದು ನನ್ನ ಮಾತಿನಿಂದ. ಹೇಳೋಕೆ ಹೊರಟರೆ ಈಗಲೂ ಖುಷಿಗೆ ಎದೆ ಉಬ್ಬುತ್ತೆ, ಸಿಟ್ಟಿಗೆ ಕಿವಿ ಬಿಸಿಯಾಗುತ್ತೆ.

ನಮ್ಮಪ್ಪ ಮರಗೆಲಸದ ಆಚಾರಿ. ಹಿತ್ತಲ ತುಂಬ ತೇಗದ ಹೊಟ್ಟಿನ ವಾಸನೆ, ಕುದಿಯೋ ಅಂಟಿನ ನಾತ. ಯಾವ ಮಂಚ ಮಾಡಿದರೂ ಒಪ್ಪಿಸೋ ಮುಂಚೆ ಮನೆ ಮಗು ಅದರ ಮೇಲೆ ಮಲಗಿ ಹೊರಳಬೇಕು. ಅದು ನಮ್ಮಜ್ಜನ ಕಾಲದ ಪದ್ಧತಿ. ಆ ಮಗು ನಾನು. ಮೈಸೂರಿನ ಎಷ್ಟೋ ಮದುವೆ ಮಂಚಗಳಲ್ಲಿ ಮೊದಲು ಮಲಗಿದವಳು ನಾನೇ ಕಣ್ರೀ!

ಜಯಲಕ್ಷ್ಮಿಪುರಂನಲ್ಲಿ ರಿಟೈರಾದ ಇಂಜಿನಿಯರ್ ರಾಯರೊಬ್ಬರು ಕನ್ನಂಬಾಡಿ ಹಿನ್ನೀರಲ್ಲಿ ಬಿಡೋಕೆ ಅಂತ ಹಳೇ ಹಾಯಿದೋಣಿ ಕೊಂಡರು. ಒಳಗಿನ ಪುಟ್ಟ ಕೋಣೆಯಲ್ಲಿ ಎರಡು ಬೆಂಚು, ನಡುವೆ ಮೇಜು. ಮೇಜಿನ ಕಾಲು ಕಳಚಿ ಹಲಗೆ ಇಳಿಸಿದರೆ ಅದು ಬೆಂಚಿನ ಮಟ್ಟಕ್ಕೆ ಕೂತು ಮಂಚ ಆಗಬೇಕು. ಆ ಕೆಲಸ ಅಪ್ಪನಿಗೆ ಬಂತು. ದೋಣಿ ರಾಯರ ಶೆಡ್ಡಿನಲ್ಲಿತ್ತು. ಅಪ್ಪ ಮಟ್ಟಸವಾಗಿದೆಯಾ ಅಂತ ರಸಮಟ್ಟ ಇಟ್ಟು ನೋಡಿ, ಒಂದು ಮೊಳೆಯನ್ನೂ ಹೊಡೆಯದೆ ಹಲಗೆ ಕೂರಿಸಿದರು. ಮೊಳೆ ಹೊಡೆಯೋದು ಅಂದರೆ ಅವರಿಗೆ ಅವಮಾನ. ನಾನು ಮಲಗಿ ಹೊರಳಿದೆ. ಅಲ್ಲಾಡಲಿಲ್ಲ.

"ಅಪ್ಪ, ನೀರಲ್ಲಿ ದೋಣಿ ವಾಲಿದ್ರೆ ಹಲಗೆ ಜಾರಲ್ವಾ?" ಅಂದೆ.

ರಾಯರು ಹೊಟ್ಟೆ ಹಿಡ್ಕೊಂಡು ನಕ್ಕರು. "ಏನ್ ಆಚಾರ್ರೇ, ನಿಮ್ಮ ಮಗಳು ನನಗಿಂತ ದೊಡ್ಡ ಇಂಜಿನಿಯರ್ರು!"

"ಸುಮ್ಕಿರಮ್ಮಿ," ಅಂತ ಅಪ್ಪ ಗದರಿದರು. ಪಾಪ, ಅವರು ಜನ್ಮದಲ್ಲಿ ವಾಲೋ ಮನೆಗೆ ಕೆಲಸ ಮಾಡಿದವರಲ್ಲ.

ಆದರೆ ಮನೆಗೆ ಬಂದವರೇ ಒಂದು ಚೌಕಟ್ಟಿನ ಮೇಲೆ ಹಲಗೆ ಹಾಸಿ, ನನ್ನ ಮಲಗಿಸಿ, ಒಂದು ಕಡೆ ಎತ್ತಿದರು. ಹಲಗೆ ಸಮೇತ ನಾನು ಅಂಗಳಕ್ಕೆ! ಮೊಣಕೈ ತರಚಿಹೋಯಿತು. "ನೀನೇ ಸರಿ ಕಣಮ್ಮಿ," ಅಂದರು. ಮಾರನೇ ದಿನ ಹೋಗಿ, ಬಾಗಿಲಿಗೆ ಇರುತ್ತಲ್ಲ ಹಾಗೆ, ಹಲಗೆಯ ಎರಡೂ ಕಡೆ ಮರದ ಅಗುಳಿ ಕೂರಿಸಿ ಬಂದರು.

ದೋಣಿ ನೀರಿಗೆ ಇಳಿಸೋ ದಿನ ನನ್ನನ್ನೂ ಕರ್ಕೊಂಡು ಹೋದರು. ನೀರಿನ ಮೇಲೆ ನಾನು ಮಲಗಿದರೇ ಒಪ್ಪಿಸಿದ ಹಾಗೆ. ಎಣ್ಣೆ ಹಚ್ಚಿ ಜಡೆ ಹೆಣೆದುಕೊಂಡು ನಿಂತಿದ್ದೆ.

"ಹೊಸ ಹಾಸಿಗೆ, ಮಣ್ಣು ಕಾಲು. ಬೇಡ ಬೇಡ," ಅಂದುಬಿಟ್ಟರು ರಾಯರು. ಅವರ ಸ್ನೇಹಿತರು ಹತ್ತಿದರು. ಸ್ನೇಹಿತರ ನಾಯಿ ಹತ್ತಿತು. ಹೌದು ಕಣ್ರೀ, ನಾಯಿ! ಅದಕ್ಕೇನು ಚಪ್ಪಲಿ ಇತ್ತಾ?

ದಡದಲ್ಲೇ ಕೂತೆ. ಗಾಳಿಗೆ ದೋಣಿ ಪಕ್ಕಕ್ಕೆ ಮಲಗಿ ಮಲಗಿ ಎದ್ದಿತು. ವಾಪಸ್ ಬಂದ ರಾಯರು, "ಅಷ್ಟು ವಾಲಿದ್ರೂ ಹಲಗೆ ಕದಲಲಿಲ್ಲ. ಎಂಥಾ ತಲೆ ಆಚಾರ್ರೇ!" ಅಂದರು.

ಅಪ್ಪನ ಬಾಯನ್ನೇ ನೋಡಿದೆ. ಅಪ್ಪ ಕೈಮುಗಿದರು. "ತಮ್ಮ ಆಶೀರ್ವಾದ ಬುದ್ಧೀ."

"ಅದು ನಾನ್ ಹೇಳಿದ್ದು!" ಅಂತ ಕಿರುಚಿದೆ. ಎಲ್ಲರೂ ನಕ್ಕರು. ಅಪ್ಪನೂ.

ಬಸ್ಸಿನಲ್ಲಿ ಕಡ್ಲೆಕಾಯಿ ಕೊಡಿಸಿದರು. ಸಿಟ್ಟಿನಲ್ಲೇ ಎಲ್ಲ ತಿಂದೆ. "ಯಾಕ್ ಹೇಳ್ಲಿಲ್ಲ?"

"ಹುಡುಗಿ ಮಾತು ಕೇಳೋ ಆಚಾರಿಗೆ ಯಾರು ಕೆಲಸ ಕೊಡ್ತಾರಮ್ಮಿ?"

ಮೂರು ದಿನ ಮಾತು ಬಿಟ್ಟೆ. ನಾಲ್ಕನೇ ದಿನ ಅಗ್ರಹಾರದ ಶೆಟ್ಟರು ಮಗಳ ಮಂಚ ಒಯ್ಯೋಕೆ ಗಾಡಿ ತಂದರು. ನಾನು ಮಲಗಲ್ಲ ಅಂದೆ. "ಎಂಥಾ ತಲೆ ಅಂದ್ರಲ್ಲ ರಾಯರು, ಆ ತಲೇನೇ ಮಲಗಿಸ್ಕೊಳ್ಳಿ!"

ಶೆಟ್ಟರು ಅವಸರ ಮಾಡಿದರು. ಅಪ್ಪ ಬೀಡಿ ಆರಿಸಿ, ಬೀದಿಗೆಲ್ಲ ಕೇಳೋ ಹಾಗೆ ಅಂದರು: "ಇವಳು ಒಪ್ಪದೆ ಮಂಚ ಆಚೆ ಹೋಗಲ್ಲ ಶೆಟ್ರೇ. ರಾಯರ ದೋಣಿಯಲ್ಲಿ ನಾನು ತಪ್ಪು ಮಾಡಿದ್ದೆ. ಕಂಡುಹಿಡಿದೋಳು ಇವಳು."

ಓಡಿಹೋಗಿ ಮಂಚದ ಮೇಲೆ ಬಿದ್ದೆ. ಎಷ್ಟು ಹೊರಳಿದೆ ಅಂದರೆ ಶೆಟ್ಟರೇ ಸಾಕಮ್ಮ ಸಾಕು ಅನ್ನಬೇಕಾಯಿತು.

ಹೋದ ವಾರ ಮೊಮ್ಮಗಳ ಮನೆಗೆ ಮಂಚ ಬಂತು, ಡಬ್ಬದಲ್ಲಿ ತುಂಡು ತುಂಡಾಗಿ. ಒಂದು ಕಾಲು ಕುಂಟುತ್ತೆ. ಮಾಡಿದವರು ಯಾರೋ, ಯಾವ ಊರೋ. ಫೋನು ಮಾಡಿದರೆ ಒಂದು ಒತ್ತಿ, ಎರಡು ಒತ್ತಿ ಅನ್ನುತ್ತೆ. ಮಾತು ಬಿಡೋಣ ಅಂದರೂ ಎದುರಿಗೆ ಒಬ್ಬ ಮನುಷ್ಯ ಬೇಕಲ್ಲ!